ವಿಮಾನವನ್ನು ಎತ್ತಿ ಹಿಡಿಯುವುದು ಯಾವುದು? ಪಾಠದ ವಿವರಣೆಯೊಂದರ ವಿಮರ್ಶೆ

ವಿಮಾನ ಗಾಳಿಯಲ್ಲಿ ಬೀಳದೆ ಹೇಗೆ ಇರುತ್ತದೆ ಎಂದು ಪ್ರೌಢಶಾಲೆ ಮುಗಿಸಿದ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಬರುವ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ. ರೆಕ್ಕೆಯ ಮೇಲಿನ ಮೈ ಉಬ್ಬಿದೆ, ಕೆಳಗಿನ ಮೈ ಚಪ್ಪಟೆಯಾಗಿದೆ. ಮುಂದಿನ ಅಂಚಿನಲ್ಲಿ ಎರಡಾಗಿ ಕವಲೊಡೆದ ಗಾಳಿ ಹಿಂದಿನ ಅಂಚಿನಲ್ಲಿ ಅದೇ ಕ್ಷಣಕ್ಕೆ ಮತ್ತೆ ಸೇರಬೇಕು. ಮೇಲಿನ ದಾರಿ ಉದ್ದವಾದ್ದರಿಂದ ಮೇಲಿನ ಗಾಳಿ ಹೆಚ್ಚು ವೇಗವಾಗಿ ಸಾಗಬೇಕು. ಬರ್ನೂಲಿ ತತ್ತ್ವದಂತೆ ವೇಗ ಹೆಚ್ಚಿರುವಲ್ಲಿ ಒತ್ತಡ ಕಡಿಮೆ. ಹಾಗಾಗಿ ಕೆಳಗಿನ ಹೆಚ್ಚಿನ ಒತ್ತಡ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ.

ಐದು ವಾಕ್ಯಗಳಲ್ಲಿ ಇಡೀ ವಿಮಾನ ಹಾರಿಬಿಟ್ಟಿತು! ವಿವರಣೆ ಚಿಕ್ಕದಾಗಿದೆ, ಚಿತ್ರ ಬರೆದು ತೋರಿಸಬಹುದು, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಹಲವು ದೇಶಗಳ ಪಠ್ಯಗಳಲ್ಲಿ, ವಿಶ್ವಕೋಶಗಳಲ್ಲಿ, ಪೈಲಟ್ ತರಬೇತಿಯ ಕೈಪಿಡಿಗಳಲ್ಲಿ ಕೂಡ ಇದು ದಶಕಗಳ ಕಾಲ ನೆಲೆಯೂರಿದೆ. ಆದರೆ ಇದರ ನಡುವಿನ ಒಂದು ವಾಕ್ಯಕ್ಕೆ ಯಾವ ಆಧಾರವೂ ಇಲ್ಲ. ಆ ವಾಕ್ಯವನ್ನು ತೆಗೆದರೆ ಉಳಿದದ್ದು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಈ ವಿವರಣೆಯನ್ನು 'ಸಮಕಾಲ ವಾದ' ಎಂದು ಕರೆಯೋಣ. ರೆಕ್ಕೆಯ ಮೇಲೆ ಉಂಟಾಗುವ, ವಿಮಾನದ ತೂಕವನ್ನು ಹೊರುವ ಬಲವನ್ನು 'ಎತ್ತುಬಲ' ಎನ್ನೋಣ. ಸಮಕಾಲ ವಾದವನ್ನು ತರಗತಿಯಿಂದ ಏಕೆ ಕೈಬಿಡಬೇಕು, ಅದರ ಸ್ಥಾನದಲ್ಲಿ ಏನನ್ನು ಹೇಳಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಾಳಿ ಮಾತು ಕೊಟ್ಟಿತ್ತೆ?

ಊರ ದೇವಸ್ಥಾನದ ಮುಂದಿನಿಂದ ಇಬ್ಬರು ಗೆಳೆಯರು ಹೊರಡುತ್ತಾರೆ ಎಂದುಕೊಳ್ಳಿ. ಒಬ್ಬ ತೇರುಬೀದಿಯನ್ನು ಸುತ್ತಿ ಹಿಂಬಾಗಿಲಿಗೆ ಹೋಗುತ್ತಾನೆ, ಇನ್ನೊಬ್ಬ ನೇರವಾದ ಓಣಿಯಲ್ಲಿ ಹೋಗುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ತಲಪಬೇಕೆಂಬ ನಿಯಮ ಉಂಟೆ? ಅವರು ಹಾಗೆ ಮಾತನಾಡಿಕೊಂಡಿದ್ದರೆ ಮಾತ್ರ ಉಂಟು. ಗಾಳಿಯ ಅಣುಗಳು ಹಾಗೆ ಮಾತನಾಡಿಕೊಳ್ಳುವುದಿಲ್ಲ. ರಾಶಿ ಸಂರಕ್ಷಣೆ, ಶಕ್ತಿ ಸಂರಕ್ಷಣೆ, ನ್ಯೂಟನ್ನನ ನಿಯಮಗಳು, ಇವುಗಳಲ್ಲಿ ಯಾವುದೂ ಕವಲೊಡೆದ ಗಾಳಿ ಏಕಕಾಲಕ್ಕೆ ಮತ್ತೆ ಸೇರಬೇಕೆಂದು ಹೇಳುವುದಿಲ್ಲ.

ಪ್ರಯೋಗ ಏನು ಹೇಳುತ್ತದೆ? ಗಾಳಿಸುರಂಗದಲ್ಲಿ ಹೊಗೆಯ ಎಳೆಗಳನ್ನು ಹರಿಯಬಿಟ್ಟು, ಆ ಹೊಗೆಯನ್ನು ಬಿಟ್ಟು ಬಿಟ್ಟು ಮಿಡಿಸಿದರೆ ಮೇಲಿನ ಮತ್ತು ಕೆಳಗಿನ ಗಾಳಿಯ ಸಮಯವನ್ನು ಕಣ್ಣಾರೆ ಹೋಲಿಸಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್ಸ್‌ಕಿ ಈ ವಿಷಯವನ್ನು 2003ರಲ್ಲಿ ಭೌತಶಾಸ್ತ್ರ ಬೋಧನೆಯ ಪತ್ರಿಕೆಯೊಂದರಲ್ಲಿ ಅಧ್ಯಾಪಕರಿಗಾಗಿ ವಿವರಿಸಿದರು. ಅವರ ಪ್ರಯೋಗದ ಚಲನಚಿತ್ರವನ್ನು ವಿಶ್ವವಿದ್ಯಾಲಯ 2012ರಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಮೇಲಿನ ಹೊಗೆ ಹಿಂದಿನ ಅಂಚನ್ನು ಕೆಳಗಿನ ಹೊಗೆಗಿಂತ ಸ್ಪಷ್ಟವಾಗಿ ಮೊದಲೇ ದಾಟುತ್ತದೆ. ಅಗಲಿದ ಎರಡು ಕವಲುಗಳು ಹಿಂದಿನ ಅಂಚಿನಲ್ಲಿ ಭೇಟಿಯಾಗುವುದೇ ಇಲ್ಲ. ಮೇಲಿನ ಗಾಳಿಯ ವೇಗ ಹೆಚ್ಚು ಎಂಬ ಮಾತು ನಿಜ. ಆದರೆ ಅದು ಸಮಕಾಲ ವಾದ ಹೇಳುವುದಕ್ಕಿಂತಲೂ ಬಹಳ ಹೆಚ್ಚು.

ಲೆಕ್ಕ ಹಾಕಿ ನೋಡಿದರೆ

ಭೌತಶಾಸ್ತ್ರದಲ್ಲಿ ಒಂದು ವಿವರಣೆ ಸರಿಯೋ ತಪ್ಪೋ ಎಂದು ತಿಳಿಯಲು ಅದರಿಂದ ಒಂದು ಸಂಖ್ಯೆಯನ್ನು ಹೊರಡಿಸಿ ನೋಡುವುದು ಒಳ್ಳೆಯ ದಾರಿ. ಪಿಯುಸಿ ವಿದ್ಯಾರ್ಥಿಗೆ ಕೂಡ ಇದು ಸಾಧ್ಯ.

ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ತೆಗೆದುಕೊಳ್ಳೋಣ. ಪೂರ್ತಿ ಹೊರೆಯೊಂದಿಗೆ ಅದರ ರಾಶಿ ಸುಮಾರು 1100 ಕಿಲೋಗ್ರಾಂ, ರೆಕ್ಕೆಗಳ ವಿಸ್ತೀರ್ಣ ಸುಮಾರು 16 ಚದರ ಮೀಟರ್. ತೂಕ ಸುಮಾರು 10,800 ನ್ಯೂಟನ್. ಈ ತೂಕವನ್ನು ಹೊರಲು ರೆಕ್ಕೆಯ ಕೆಳಗೂ ಮೇಲೂ ಇರಬೇಕಾದ ಸರಾಸರಿ ಒತ್ತಡ ವ್ಯತ್ಯಾಸ ಸುಮಾರು 670 ಪಾಸ್ಕಲ್. ವಾತಾವರಣದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್. ಅಂದರೆ ಶೇಕಡ ಒಂದಕ್ಕಿಂತ ಕಡಿಮೆ ವ್ಯತ್ಯಾಸ ಸಾಕು. ಇಲ್ಲಿಯವರೆಗೆ ವಿವಾದವಿಲ್ಲ.

ಈಗ ಸಮಕಾಲ ವಾದವನ್ನು ಅನ್ವಯಿಸಿ. ಈ ವಿಮಾನದ ರೆಕ್ಕೆಯಲ್ಲಿ ಮೇಲಿನ ದಾರಿ ಕೆಳಗಿನ ದಾರಿಗಿಂತ ಶೇಕಡ 2ರಷ್ಟು ಉದ್ದ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ವೇಗ ಸೆಕೆಂಡಿಗೆ 60 ಮೀಟರ್. ಕೆಳಗಿನ ಗಾಳಿ ಇದೇ ವೇಗದಲ್ಲಿ ಸಾಗಿದರೆ ಮೇಲಿನ ಗಾಳಿಯ ವೇಗ 61.2 ಮೀಟರ್ ಆಗಬೇಕು. ಬರ್ನೂಲಿ ಸಮೀಕರಣದಂತೆ ಒತ್ತಡ ವ್ಯತ್ಯಾಸವೆಂದರೆ ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗಗಳ ವರ್ಗಗಳ ವ್ಯತ್ಯಾಸದಿಂದ ಗುಣಿಸಿದಾಗ ಬರುವ ಮೊತ್ತ. ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಗುಣಿಸಿ ನೋಡಿದರೆ ಸಿಗುವುದು ಸುಮಾರು 87 ಪಾಸ್ಕಲ್. ಬೇಕಾದದ್ದು 670. ಸಮಕಾಲ ವಾದದ ವಿಮಾನ ತನ್ನ ತೂಕದ ಎಂಟನೆಯ ಒಂದು ಭಾಗವನ್ನು ಮಾತ್ರ ಎತ್ತಬಲ್ಲದು!

'ಹಾಗಾದರೆ ರೆಕ್ಕೆಯನ್ನು ಇನ್ನಷ್ಟು ಉಬ್ಬಿಸೋಣ' ಎಂದು ವಿದ್ಯಾರ್ಥಿಯೊಬ್ಬ ಹೇಳಬಹುದು. 60 ಮೀಟರ್ ವೇಗದಲ್ಲಿ 670 ಪಾಸ್ಕಲ್ ಪಡೆಯಲು ಮೇಲಿನ ದಾರಿ ಶೇಕಡ 14ರಿಂದ 15ರಷ್ಟು ಉದ್ದವಿರಬೇಕು. ಅದೇ ವಿಮಾನ ಇಳಿಯುವ ಮೊದಲು ಸೆಕೆಂಡಿಗೆ 30 ಮೀಟರ್ ವೇಗದಲ್ಲೂ ಹಾರಬಲ್ಲದು. ಆಗ ಅದೇ ಒತ್ತಡ ವ್ಯತ್ಯಾಸಕ್ಕೆ ಮೇಲಿನ ದಾರಿ ಶೇಕಡ 50ರಷ್ಟು ಉದ್ದವಾಗಬೇಕು. ತೂಕ ಅಷ್ಟೇ, ರೆಕ್ಕೆ ಅದೇ. ಒಂದೇ ರೆಕ್ಕೆಯ ಮೇಲಿನ ದಾರಿ ಒಮ್ಮೆ ಶೇಕಡ 14, ಇನ್ನೊಮ್ಮೆ ಶೇಕಡ 50 ಉದ್ದವಾಗುವುದು ಹೇಗೆ? ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಮಾಡಬಹುದು. ಸಮಕಾಲ ವಾದಕ್ಕೆ ಇದಕ್ಕಿಂತ ಸರಳವಾದ ಖಂಡನೆ ಬೇಕಿಲ್ಲ.

ಕೋನದ ಮಾತೇ ಇಲ್ಲ

ಪೈಲಟ್ ಈ ಸಮಸ್ಯೆಯನ್ನು ಹೇಗೆ ಬಿಡಿಸುತ್ತಾನೆ? ವೇಗ ಇಳಿದಂತೆ ವಿಮಾನದ ಮೂತಿಯನ್ನು ಸ್ವಲ್ಪ ಎತ್ತುತ್ತಾನೆ. ಆಗ ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನ ಹೆಚ್ಚುತ್ತದೆ. ಇದಕ್ಕೆ ಆಕ್ರಮಣ ಕೋನ ಎಂದು ಹೆಸರು. ಸಣ್ಣ ಕೋನಗಳಲ್ಲಿ ಎತ್ತುಬಲ ಈ ಕೋನದೊಂದಿಗೆ ಒಂದೇ ಪ್ರಮಾಣದಲ್ಲಿ ಏರುತ್ತ ಹೋಗುತ್ತದೆ. ಇಳಿಯುವಾಗ ರೆಕ್ಕೆಯ ಹಿಂಭಾಗದ ಫ್ಲಾಪ್‌ಗಳನ್ನು ಕೆಳಗೆ ಬಾಗಿಸುವುದೂ ಗಾಳಿಯನ್ನು ಇನ್ನಷ್ಟು ಕೆಳಕ್ಕೆ ತಿರುಗಿಸುವುದಕ್ಕಾಗಿಯೇ. ಹಾರಾಟದಲ್ಲಿ ಇಷ್ಟು ಮುಖ್ಯವಾದ ಕೋನ ಸಮಕಾಲ ವಾದದಲ್ಲಿ ಎಲ್ಲಿಯೂ ಬರುವುದಿಲ್ಲ.

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆದು ಬಂದಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ವಿಮಾನಗಳು ತಲೆಕೆಳಗಾಗಿ ಹಾರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ರೆಕ್ಕೆಯ ಉಬ್ಬೇ ಎತ್ತುಬಲಕ್ಕೆ ಕಾರಣವಾಗಿದ್ದರೆ ತಲೆಕೆಳಗಾದ ವಿಮಾನವನ್ನು ಅದು ನೆಲದತ್ತ ತಳ್ಳಬೇಕಾಗಿತ್ತು. ಪೈಲಟ್ ಮೂತಿಯನ್ನು ಆಕಾಶದತ್ತ ಹೊರಳಿಸಿ ಕೋನವನ್ನು ಸರಿಪಡಿಸಿಕೊಳ್ಳುವುದರಿಂದ ವಿಮಾನ ನಿಲ್ಲುತ್ತದೆ. ಕಸರತ್ತಿನ ವಿಮಾನಗಳಲ್ಲಿ ಹಲವಕ್ಕೆ ಮೇಲೂ ಕೆಳಗೂ ಒಂದೇ ರೀತಿ ಉಬ್ಬಿದ ಸಮ್ಮಿತ ರೆಕ್ಕೆಗಳಿರುತ್ತವೆ. ಮಕ್ಕಳ ಕಾಗದದ ವಿಮಾನದ ರೆಕ್ಕೆ ಬರೀ ಚಪ್ಪಟೆ. ಹಾಯಿದೋಣಿಯ ಹಾಯಿ ಒಂದೇ ಪದರದ ಬಟ್ಟೆ. ಅದರ ಎರಡು ಬದಿಯ ದಾರಿಗಳ ಉದ್ದ ಒಂದೇ. ಇವೆಲ್ಲವೂ ಗಾಳಿಯಿಂದ ಬಲ ಪಡೆಯುತ್ತವೆ.

ಕೋನವನ್ನು ಬಿಟ್ಟ ವಿವರಣೆ ಇನ್ನೊಂದು ಮುಖ್ಯ ಸಂಗತಿಯನ್ನೂ ಬಿಡುತ್ತದೆ. ಸಾಮಾನ್ಯ ರೆಕ್ಕೆಗಳಲ್ಲಿ ಈ ಕೋನ ಸುಮಾರು 15 ಡಿಗ್ರಿ ದಾಟಿದರೆ ಮೇಲಿನ ಗಾಳಿ ರೆಕ್ಕೆಯ ಮೈಯನ್ನು ಅನುಸರಿಸಲಾರದೆ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ. ಎತ್ತುಬಲ ಕುಸಿಯುತ್ತದೆ. ಇದನ್ನು 'ಸ್ಟಾಲ್' ಎನ್ನುತ್ತಾರೆ. 2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ವೇಗದ ಸೂಚನೆ ತಪ್ಪಿತು. ನಂತರದ ಗೊಂದಲದಲ್ಲಿ ವಿಮಾನದ ಮೂತಿ ಮೇಲಕ್ಕೆದ್ದು ಅದು ಸ್ಟಾಲ್ ಸ್ಥಿತಿಗೆ ಹೋಯಿತು. ಸುಮಾರು 38,000 ಅಡಿ ಎತ್ತರದಿಂದ ಬಿದ್ದ ಆ ಮೂರೂವರೆ ನಿಮಿಷಗಳ ಬಹುಭಾಗ ಆಕ್ರಮಣ ಕೋನ 35 ಡಿಗ್ರಿಗಿಂತ ಹೆಚ್ಚಿತ್ತೆಂದು ಫ್ರಾನ್ಸಿನ ತನಿಖಾ ಸಂಸ್ಥೆ 2012ರ ವರದಿಯಲ್ಲಿ ದಾಖಲಿಸಿತು. ಎಂಜಿನ್‌ಗಳು ಕೆಲಸ ಮಾಡುತ್ತಿದ್ದವು. ರೆಕ್ಕೆಯ ಆಕಾರ ಬದಲಾಗಿರಲಿಲ್ಲ, ಉಬ್ಬು ಉಬ್ಬಾಗಿಯೇ ಇತ್ತು. ಕೆಟ್ಟದ್ದು ಗಾಳಿಯ ಹರಿವು. ಶಾಲೆಯ ಪಾಠಕ್ಕೂ ಆ ದುರಂತಕ್ಕೂ ಸಂಬಂಧ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ರೆಕ್ಕೆ ಯಾವಾಗ ಕೆಲಸ ಮಾಡುವುದಿಲ್ಲ ಎಂಬುದನ್ನು ಹೇಳಲಾರದ ವಿವರಣೆ, ಅದು ಯಾವಾಗ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಿದಂತಾಗುವುದಿಲ್ಲ.

ಬರ್ನೂಲಿ ನಿರಪರಾಧಿ

ಸಮಕಾಲ ವಾದ ತಪ್ಪೆಂದು ತಿಳಿದ ಕೆಲವರು ಸಿಟ್ಟಿನಲ್ಲಿ ಬರ್ನೂಲಿ ತತ್ತ್ವವನ್ನೇ ಹೊರಹಾಕಲು ಹೊರಡುತ್ತಾರೆ. ಇದು ಅನ್ಯಾಯ. ಡೇನಿಯಲ್ ಬರ್ನೂಲಿಯ ಗ್ರಂಥ ಪ್ರಕಟವಾದದ್ದು 1738ರಲ್ಲಿ. ಅದನ್ನು ಇಂದಿನ ಸಮೀಕರಣದ ರೂಪಕ್ಕೆ ತಂದವನು ಆಯ್ಲರ್. ಈ ತತ್ತ್ವ ಶಕ್ತಿ ಸಂರಕ್ಷಣೆಯ ಒಂದು ರೂಪ. ರೆಕ್ಕೆಯ ಸುತ್ತ ಗಾಳಿಯ ವೇಗವನ್ನು ಅಳೆದು ಬರ್ನೂಲಿ ಸಮೀಕರಣಕ್ಕೆ ಹಾಕಿದರೆ, ಮೈಗಂಟಿದ ತೆಳು ಪದರವನ್ನು ಬಿಟ್ಟರೆ, ಒತ್ತಡ ಸರಿಯಾಗಿಯೇ ಸಿಗುತ್ತದೆ. ವೇಗ ಏಕೆ ಹೆಚ್ಚಿತು ಎಂಬುದಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳು.

ಬರ್ನೂಲಿಯ ಹೆಸರಿನಲ್ಲಿ ನಡೆಯುವ ಒಂದು ಪ್ರಾತ್ಯಕ್ಷಿಕೆಯನ್ನೂ ಇಲ್ಲಿ ವಿಮರ್ಶಿಸಬೇಕು. ಕಾಗದದ ಪಟ್ಟಿಯ ತುದಿಯನ್ನು ತುಟಿಯ ಕೆಳಗೆ ಹಿಡಿದು ಅದರ ಮೇಲೆ ಊದಿದರೆ ಜೋತುಬಿದ್ದ ಪಟ್ಟಿ ಮೇಲೇಳುತ್ತದೆ. 'ಮೇಲೆ ವೇಗ ಹೆಚ್ಚು, ಆದ್ದರಿಂದ ಒತ್ತಡ ಕಡಿಮೆ' ಎಂದು ವಿವರಿಸುವುದು ವಾಡಿಕೆ. ಆದರೆ ಬರ್ನೂಲಿ ಸಮೀಕರಣ ಒಂದೇ ಹರಿವಿನ ಎರಡು ಜಾಗಗಳನ್ನು ಹೋಲಿಸಲು ಇರುವಂಥದು. ಬಾಯಿಂದ ಬಂದ ಗಾಳಿಗೆ ಶ್ವಾಸಕೋಶ ಹೆಚ್ಚುವರಿ ಶಕ್ತಿ ಕೊಟ್ಟಿದೆ. ಕೋಣೆಯ ನಿಂತ ಗಾಳಿಗೆ ಕೊಟ್ಟಿಲ್ಲ. ಇವೆರಡನ್ನು ಆ ಸಮೀಕರಣದಿಂದ ಹೋಲಿಸುವಂತಿಲ್ಲ. ತರಗತಿಯಲ್ಲೇ ಪರೀಕ್ಷಿಸಿ. ಪಟ್ಟಿಯನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಅದರ ಒಂದು ಬದಿಯಲ್ಲಿ, ಪಟ್ಟಿಗೆ ಸಮಾಂತರವಾಗಿ ಊದಿ. ವೇಗದ ಗಾಳಿ ಒಂದೇ ಬದಿಯಲ್ಲಿದ್ದರೂ ಪಟ್ಟಿ ಆ ಕಡೆಗೆ ಸೆಳೆಯಲ್ಪಡುವುದಿಲ್ಲ. ಮೊದಲ ಪ್ರಯೋಗದಲ್ಲಿ ಪಟ್ಟಿ ಬಾಗಿತ್ತು, ಗಾಳಿಯೂ ಅದರೊಂದಿಗೆ ಬಾಗಿತು. ಎರಡನೆಯದರಲ್ಲಿ ಬಾಗು ಇಲ್ಲ. ಪಟ್ಟಿ ಏಳಲು ಕಾರಣ ಹರಿವಿನ ಈ ಬಾಗುವಿಕೆ. ಸರಿಯಾದ ವಿವರಣೆಯ ಸುಳಿವು ಇಲ್ಲಿಯೇ ಇದೆ.

ಹಾಗಾದರೆ ಏನು ಹೇಳಬೇಕು?

ಮೊದಲನೆಯದಾಗಿ ನ್ಯೂಟನ್ನನ ಮೂರನೆಯ ನಿಯಮ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಇದಕ್ಕೂ ಒಂದು ಲೆಕ್ಕ ಹಾಕೋಣ. ನಮ್ಮ ಸಣ್ಣ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ ಉದ್ದ ಸುಮಾರು 11 ಮೀಟರ್. ಅಷ್ಟೇ ವ್ಯಾಸದ ಗಾಳಿಯ ಕೊಳವೆಯೊಂದನ್ನು ಅದು ಬಾಗಿಸುತ್ತದೆ ಎಂದು ಅಂದಾಜು ಮಾಡುವುದು ರೂಢಿ. ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಪ್ರತಿ ಸೆಕೆಂಡಿಗೂ ಸುಮಾರು 7 ಟನ್ ಗಾಳಿ ಈ ಕೊಳವೆಯಲ್ಲಿ ಹಾದುಹೋಗುತ್ತದೆ. ಅದಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರಿನಷ್ಟು ಕೆಳಮುಖ ವೇಗ ಕೊಟ್ಟರೆ ಸಂವೇಗ ಬದಲಾವಣೆಯ ದರ 10,800 ನ್ಯೂಟನ್ ಆಗುತ್ತದೆ. ಬಹಳ ಗಾಳಿಯನ್ನು ನಿಧಾನವಾಗಿ ಕೆಳಗೆ ತಳ್ಳುವುದು, ಇದು ರೆಕ್ಕೆಯ ಕೆಲಸ.

ಇಲ್ಲಿಯೂ ಒಂದು ಅಪಾಯವಿದೆ. ಗಾಳಿಯ ಕಣಗಳು ಗುಂಡುಗಳಂತೆ ರೆಕ್ಕೆಯ ಕೆಳಮೈಗೆ ಬಡಿದು ಪುಟಿಯುತ್ತವೆ ಎಂದು ಕೆಲವರು ಚಿತ್ರಿಸುತ್ತಾರೆ. ಆ ಲೆಕ್ಕದಿಂದ ಬರುವ ಬಲ ಸಣ್ಣ ಕೋನಗಳಲ್ಲಿ ನಿಜವಾದ ಬಲಕ್ಕಿಂತ ಹತ್ತಾರು ಪಟ್ಟು ಕಡಿಮೆ. ಅಲ್ಲದೆ ಆ ಚಿತ್ರದಲ್ಲಿ ಮೇಲಿನ ಮೈಗೆ ಕೆಲಸವೇ ಇಲ್ಲ. ವಾಸ್ತವದಲ್ಲಿ ಸಾಮಾನ್ಯ ಹಾರಾಟದಲ್ಲಿ ಎತ್ತುಬಲದ ಅರ್ಧಕ್ಕಿಂತ ಹೆಚ್ಚು ಪಾಲು ಮೇಲಿನ ಮೈಯಲ್ಲಿ ಒತ್ತಡ ತಗ್ಗುವುದರಿಂದ ಬರುತ್ತದೆ.

ಮೇಲಿನ ಗಾಳಿ ಏಕೆ ಕೆಳಕ್ಕೆ ಬಾಗುತ್ತದೆ? ಕಣಗಳು ಜಡತ್ವದಿಂದ ನೇರವಾಗಿ ಮುಂದೆ ಹೋಗಲು ನೋಡುತ್ತವೆ. ಹಾಗೆ ಹೋದರೆ ರೆಕ್ಕೆಯ ಇಳಿಜಾರಿನ ಮೇಲೆ ಬರಿದಾದ ಜಾಗ ಉಳಿಯಬೇಕು. ಅಲ್ಲಿ ಒತ್ತಡ ತಗ್ಗುತ್ತದೆ. ಮೇಲಿನಿಂದ ವಾತಾವರಣದ ಒತ್ತಡ ಹರಿವನ್ನು ಕೆಳಕ್ಕೆ ಒತ್ತಿ ಬಾಗಿಸುತ್ತದೆ. ಬಾಗಿದ ದಾರಿಯಲ್ಲಿ ಸಾಗುವ ಯಾವ ವಸ್ತುವಿಗೂ ಕೇಂದ್ರಾಭಿಮುಖ ಬಲ ಬೇಕು. ಕವಣೆಯ ಕಲ್ಲಿಗೆ ಅದನ್ನು ಹಗ್ಗ ಕೊಡುತ್ತದೆ. ಗಾಳಿಗೆ ಹಗ್ಗವಿಲ್ಲ, ಬಾಗಿನ ಹೊರಬದಿಯಲ್ಲಿ ಹೆಚ್ಚಿನ ಒತ್ತಡ, ಒಳಬದಿಯಲ್ಲಿ ಕಡಿಮೆ ಒತ್ತಡ ಇದ್ದರೆ ಮಾತ್ರ ಅದು ಬಾಗೀತು. ರೆಕ್ಕೆಯಿಂದ ಬಹಳ ಮೇಲೆ ವಾತಾವರಣದ ಸಾಮಾನ್ಯ ಒತ್ತಡವಿದೆ. ಅಲ್ಲಿಂದ ಕೆಳಗೆ ಬಂದಂತೆ ಒತ್ತಡ ಇಳಿಯುತ್ತ ರೆಕ್ಕೆಯ ಮೈಯಲ್ಲಿ ಅತಿ ಕಡಿಮೆಯಾಗುತ್ತದೆ. ಕೆಳಗಿನ ಗಾಳಿಯೂ ಕೆಳಕ್ಕೇ ತಿರುಗಬೇಕು. ಅದನ್ನು ತಿರುಗಿಸಲು ರೆಕ್ಕೆಯ ಕೆಳಮೈಯಲ್ಲಿ ಒತ್ತಡ ಹೆಚ್ಚಿರಬೇಕು.

ಈಗ ಬರ್ನೂಲಿಯನ್ನು ಗೌರವದಿಂದ ಒಳಗೆ ಕರೆಯಬಹುದು. ಮುಂದಿನಿಂದ ಬರುವ ಗಾಳಿಯ ಎದುರಿಗೆ, ರೆಕ್ಕೆಯ ಮೇಲೆ, ಕಡಿಮೆ ಒತ್ತಡದ ಪ್ರದೇಶವಿದೆ. ಹಿಂದಿನ ಹೆಚ್ಚಿನ ಒತ್ತಡ ಗಾಳಿಯನ್ನು ಆ ಕಡೆಗೆ ತಳ್ಳುತ್ತದೆ, ಆದ್ದರಿಂದ ಅದರ ವೇಗ ಹೆಚ್ಚುತ್ತದೆ. ವೇಗವೂ ಒತ್ತಡವೂ ಕೈಹಿಡಿದು ಬದಲಾಗುತ್ತವೆ. ನ್ಯೂಟನ್ ಸರಿಯೋ ಬರ್ನೂಲಿ ಸರಿಯೋ ಎಂಬ ಜಗಳಕ್ಕೆ ಅರ್ಥವಿಲ್ಲ. ಕೆಳಕ್ಕೆ ಹೋದ ಗಾಳಿಯ ಸಂವೇಗವನ್ನು ಲೆಕ್ಕ ಹಾಕಿದರೂ, ಮೈಯ ಮೇಲಿನ ಒತ್ತಡವನ್ನು ಕೂಡಿಸಿದರೂ, ಸರಿಯಾಗಿ ಮಾಡಿದ ಲೆಕ್ಕದಲ್ಲಿ ಸಿಗುವುದು ಒಂದೇ ಎತ್ತುಬಲ.

'ಯಾರಿಗೂ ಗೊತ್ತಿಲ್ಲ' ಎಂಬ ಇನ್ನೊಂದು ತುದಿ

ಇತ್ತೀಚೆಗೆ ಇದಕ್ಕೆ ವಿರುದ್ಧವಾದ ಮಾತೂ ಕೇಳಿಬರುತ್ತಿದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ, ವಿಮಾನಗಳು ಗಾಳಿಯಲ್ಲಿ ಏಕೆ ನಿಲ್ಲುತ್ತವೆಂದು ಯಾರೂ ವಿವರಿಸಲಾರರು ಎಂಬ ಅರ್ಥದ ಶೀರ್ಷಿಕೆಯ ಲೇಖನವನ್ನು ಪ್ರಕಟಿಸಿತು. ಶೀರ್ಷಿಕೆ ಓದುಗರನ್ನು ಸೆಳೆಯುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಕುಟ್ಟಾ 1902ರಲ್ಲೂ ಜುಕೋವ್‌ಸ್ಕಿ 1906ರಲ್ಲೂ ಎತ್ತುಬಲವನ್ನು ಲೆಕ್ಕ ಹಾಕುವ ಗಣಿತವನ್ನು ಕೊಟ್ಟರು. ಸ್ನಿಗ್ಧತೆಯ ಪಾತ್ರವನ್ನು 1904ರಲ್ಲಿ ಪ್ರಾಂಡ್ಲ್ ತನ್ನ ಸೀಮಾ ಪದರದ ಕಲ್ಪನೆಯಿಂದ ಬಿಡಿಸಿ ತೋರಿಸಿದ. ಸ್ನಿಗ್ಧತೆ ಇರುವುದರಿಂದಲೇ ಗಾಳಿ ಚೂಪಾದ ಹಿಂದಿನ ಅಂಚನ್ನು ಸುತ್ತಿ ಮೇಲೇರದೆ ನಯವಾಗಿ ಬಿಟ್ಟು ಹೋಗುತ್ತದೆ. ಇಂದು ವಿಮಾನ ನಿರ್ಮಾಪಕರು ಹೊಸ ರೆಕ್ಕೆಯ ಎತ್ತುಬಲವನ್ನು ಅದು ಹಾರುವ ಮೊದಲೇ ನಿಖರವಾಗಿ ಲೆಕ್ಕ ಹಾಕುತ್ತಾರೆ. ನಿಜಕ್ಕೂ ಕಷ್ಟವಾಗಿ ಉಳಿದಿರುವುದು ಪ್ರಕ್ಷುಬ್ಧ ಹರಿವು, ಸ್ಟಾಲ್‌ನ ನಿಖರ ಮುನ್ಸೂಚನೆ ಮುಂತಾದವು. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಹೇಳಲಾಗದು ಎಂಬುದಕ್ಕೂ ಯಾರಿಗೂ ಗೊತ್ತಿಲ್ಲ ಎಂಬುದಕ್ಕೂ ಬಹಳ ಅಂತರವಿದೆ.

ಈ ವಿಷಯ ದೊಡ್ಡವರನ್ನೂ ಎಡವಿಸಿದೆ. ಐನ್‌ಸ್ಟೈನ್ 1916ರಲ್ಲಿ ಹಾರಾಟದ ಬಗ್ಗೆ ಒಂದು ಲೇಖನ ಬರೆದು, ಬೆಕ್ಕು ಬೆನ್ನೆತ್ತಿದಂತೆ ಉಬ್ಬಿದ ರೆಕ್ಕೆಯೊಂದನ್ನು ಸೂಚಿಸಿದ್ದರು. ಆ ಬಗೆಯ ರೆಕ್ಕೆಯನ್ನು ಜರ್ಮನಿಯಲ್ಲಿ ಕಟ್ಟಿ ಹಾರಿಸಿದಾಗ ವಿಮಾನ ಸರಿಯಾಗಿ ಹಾರಲಿಲ್ಲ. ಉಬ್ಬನ್ನು ಮಾತ್ರ ನಂಬಿದರೆ ಆಗುವುದು ಹೀಗೆ.

ತರಗತಿಯಲ್ಲಿ

ಶಿಕ್ಷಕರಿಗೆ ನನ್ನ ಸಲಹೆ ಸರಳ. ಪ್ರೌಢಶಾಲೆಯಲ್ಲಿ ಇಷ್ಟು ಹೇಳಿದರೆ ಸಾಕು: ಓರೆಯಾದ ಅಥವಾ ಬಾಗಿದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಪಿಯುಸಿ ಮಟ್ಟದಲ್ಲಿ ಬಾಗಿದ ಹರಿವು, ಕೇಂದ್ರಾಭಿಮುಖ ಬಲ, ಒತ್ತಡ ವ್ಯತ್ಯಾಸ ಇವುಗಳನ್ನು ಸೇರಿಸಿ, ಮೇಲಿನ ಎರಡೂ ಲೆಕ್ಕಗಳನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಪದವಿ ತರಗತಿಯಲ್ಲಿ ಕುಟ್ಟಾ ಮತ್ತು ಜುಕೋವ್‌ಸ್ಕಿಯವರ ಗಣಿತಕ್ಕೆ ಹೋಗಿ. ಯಾವ ಮಟ್ಟದಲ್ಲೂ ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ. ಉತ್ತರ ಪತ್ರಿಕೆ ತಿದ್ದುವಾಗ, ಗಾಳಿ ಕೆಳಕ್ಕೆ ತಿರುಗುತ್ತದೆ ಎಂದು ಬರೆದ ವಿದ್ಯಾರ್ಥಿಗೆ ಪಠ್ಯದಲ್ಲಿಲ್ಲ ಎಂಬ ಕಾರಣಕ್ಕೆ ಅಂಕ ಕಳೆಯಬೇಡಿ.

ಸಮಕಾಲ ವಾದದಿಂದ ಆಗುವ ದೊಡ್ಡ ನಷ್ಟ ವಾಯುಯಾನಕ್ಕಲ್ಲ. ವಿಮಾನಗಳು ನಮ್ಮ ಪಾಠ ಕೇಳಿ ಹಾರುವುದಿಲ್ಲ. ನಷ್ಟವಾಗುವುದು ವಿದ್ಯಾರ್ಥಿಗೆ. 'ಎರಡು ಕವಲಿನ ಗಾಳಿ ಒಂದೇ ಹೊತ್ತಿಗೆ ಏಕೆ ಸೇರಬೇಕು, ಸಾರ್?' ಎಂದು ಕೇಳುವ ಹುಡುಗಿ ಆ ತರಗತಿಯಲ್ಲಿ ಅತ್ಯಂತ ಸರಿಯಾದ ಪ್ರಶ್ನೆಯನ್ನು ಕೇಳಿದ್ದಾಳೆ. 'ಪುಸ್ತಕದಲ್ಲಿ ಹಾಗಿದೆ, ಕೂತುಕೋ' ಎಂದರೆ ಭೌತಶಾಸ್ತ್ರದಲ್ಲಿ ಕಾರಣ ಕೇಳಬಾರದು ಎಂಬ ಪಾಠವನ್ನು ಅವಳು ಕಲಿಯುತ್ತಾಳೆ. ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಲೆಕ್ಕ ಹಾಕಲು ಹೇಳಿ. 87 ಮತ್ತು 670 ಎಂಬ ಎರಡು ಸಂಖ್ಯೆಗಳು ಹಲಗೆಯ ಮೇಲೆ ಬಂದಾಗ ಉಳಿದ ವಿದ್ಯಾರ್ಥಿಗಳಿಗೂ ಅದೇ ಪ್ರಶ್ನೆ ಹುಟ್ಟುತ್ತದೆ.